ದಣಿವರಿಯದ ಎಲೀನರ್ ರೂಸ್‌ವೆಲ್ಟ್



"ನಮ್ಮ ಹುಡುಗಿ ತುಂಬಾ ಅಂಜುಬುರುಕಿ, ಈ ದೇಶದಲ್ಲಿ ಹೇಗೆ ನಿಭಾಯಿಸುತ್ತಾಳೋ!" ಯುಗಾದಿ ಊಟದ ಸಾಲಿನಲ್ಲಿ ಇಂಥ ಮಾತು ಯಾರ ಕಿವಿಗೆ ಬಿದ್ದಿಲ್ಲ? ಆ ತಾಯಂದಿರಿಗಾಗಿ ಇನ್ನೊಬ್ಬ ಅಂಜುಬುರುಕಿಯ ಕಥೆ ಹೇಳುತ್ತೇನೆ.

ಎಲೀನರ್ ರೂಸ್‌ವೆಲ್ಟ್ ಹುಟ್ಟಿದ್ದು 1884ರಲ್ಲಿ, ನ್ಯೂಯಾರ್ಕಿನಲ್ಲಿ. ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆದರು. ಕತ್ತಲೆಂದರೆ ಭಯ, ನೀರೆಂದರೆ ಭಯ. ಹದಿನೈದನೆಯ ವಯಸ್ಸಿನಲ್ಲಿ ಲಂಡನ್ ಬಳಿಯ ಶಾಲೆಗೆ ಹೋದಾಗ ಅವರ ಬಾಳು ತಿರುಗಿತು. ಅಲ್ಲಿ ಹಾಕಿ ತಂಡಕ್ಕೆ ಆಯ್ಕೆಯಾದದ್ದು ತಮ್ಮ ಜೀವನದ ಬಹು ಹೆಮ್ಮೆಯ ಗಳಿಗೆಗಳಲ್ಲೊಂದು ಎಂದು ಮುಂದೆ ಅವರೇ ನೆನೆದಿದ್ದಾರೆ.

1905ರಲ್ಲಿ ಫ್ರಾಂಕ್ಲಿನ್ ಜೊತೆ ಮದುವೆ. ಆರು ಮಕ್ಕಳು, ಒಂದು ಮಗು ಹಸುಳೆಯಾಗಿದ್ದಾಗಲೇ ತೀರಿಕೊಂಡಿತು. 1921ರಲ್ಲಿ ಪತಿಗೆ ಪೋಲಿಯೊ ತಗುಲಿ ಕಾಲುಗಳ ಶಕ್ತಿ ಹೋಯಿತು. ಆಮೇಲೆ ಗಂಡುಮಕ್ಕಳ ಜೊತೆ ನೀರಿಗಿಳಿಯಲು ತಾಯಿಯೇ ಈಜು ಕಲಿತರು. ರಾಜಕೀಯ ಸಭೆಗಳಿಗೆ ಹೋಗಿ ಭಾಷಣ ಮಾಡುವುದನ್ನೂ ರೂಢಿಸಿಕೊಂಡರು.

1933ರಿಂದ 1945ರವರೆಗೆ ಹನ್ನೆರಡು ವರ್ಷ ಅವರು ಅಮೆರಿಕದ ಪ್ರಥಮ ಮಹಿಳೆ. ಪತಿ ಹೋಗಲಾಗದ ಕಡೆಗೆಲ್ಲ ತಾವು ಹೋಗಿ ಕಣ್ಣಾರೆ ಕಂಡು ಬಂದು ವರದಿ ಒಪ್ಪಿಸುತ್ತಿದ್ದರು. 1935ರಲ್ಲಿ ಓಹಾಯೊದ ಕಲ್ಲಿದ್ದಲು ಗಣಿಯೊಳಕ್ಕೂ ಇಳಿದರು. ಅದೇ ವರ್ಷದ ಕೊನೆಗೆ ಆರಂಭಿಸಿದ ಪತ್ರಿಕಾ ಅಂಕಣವನ್ನು ಹೆಚ್ಚಿನ ಕಾಲ ವಾರಕ್ಕೆ ಆರು ದಿನದಂತೆ 1962ರವರೆಗೂ ಬರೆದರು!

ಅವರ ದೇಹಬಲಕ್ಕೆ ನಿಜವಾದ ಪರೀಕ್ಷೆ ಬಂದದ್ದು 1943ರಲ್ಲಿ. ಆಗ ಅವರಿಗೆ 58 ವರ್ಷ. ರೆಡ್ ಕ್ರಾಸ್ ಸಮವಸ್ತ್ರ ತೊಟ್ಟು ಐದು ವಾರ ದಕ್ಷಿಣ ಪೆಸಿಫಿಕ್ಕಿನ 17 ದ್ವೀಪಗಳು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುತ್ತಿದರು. ಮೊದಲು ಈ ಭೇಟಿಗೆ ಮುಖ ಸಿಂಡರಿಸಿದ್ದವರು ಅಡ್ಮಿರಲ್ ಹಾಲ್ಸೀ. ಆಸ್ಪತ್ರೆಗಳಲ್ಲಿ ಮೈಲಿಗಟ್ಟಲೆ ನಡೆದು ಗಾಯಾಳುಗಳ ಜೊತೆ ಒಬ್ಬೊಬ್ಬರಾಗಿ ಮಾತಾಡಿದ ಆಕೆಯನ್ನು ಕಂಡು ತಮ್ಮ ಅಭಿಪ್ರಾಯವನ್ನೇ ಬದಲಿಸಿಕೊಂಡರು. ಪ್ರವಾಸ ಮುಗಿಯುವಷ್ಟರಲ್ಲಿ ಎಲೀನರ್ ಸುಮಾರು 30 ಪೌಂಡ್ ಇಳಿದಿದ್ದರು.

ಪತಿಯ ಮರಣದ ನಂತರವೂ ಅವರು ವಿಶ್ರಮಿಸಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿ 1948ರ ಘೋಷಣೆಯನ್ನು ದಡ ಮುಟ್ಟಿಸಿದರು. ಅದರ ಮೊದಲ ವಿಧಿಯಲ್ಲಿ 'ಪುರುಷರು' ಎಂಬರ್ಥದ ಪದ ಬೇಡ, 'ಮಾನವರು' ಎಂದೇ ಇರಲಿ ಎಂದು ಪಟ್ಟು ಹಿಡಿದವರು ನಮ್ಮ ಭಾರತದ ಹಂಸಾ ಮೆಹ್ತಾ. ಹಳೆಯ ಪದವೇ ಸಾಕೆಂದಿದ್ದ ಎಲೀನರ್ ಕೊನೆಗೆ ಬದಲಾವಣೆಯನ್ನು ಒಪ್ಪಿಕೊಂಡರು. 1952ರಲ್ಲಿ ಭಾರತಕ್ಕೂ ಬಂದು ಹೋದರು. 1962ರಲ್ಲಿ, 78ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಬಲ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅಂಜಿದ್ದನ್ನು ಒಂದೊಂದಾಗಿ ಮಾಡುತ್ತಾ ಗಳಿಸಿದ್ದು. ಆದ್ದರಿಂದ ಮುಂದಿನ ಸಲ ಮಗಳು ವೇದಿಕೆ ಹತ್ತಲೋ ಈಜುಕೊಳಕ್ಕೆ ಇಳಿಯಲೋ ಹಿಂಜರಿದರೆ, ಅವಳ ಪರವಾಗಿ "ನಮ್ಮವಳಿಗೆ ಆಗೋಲ್ಲ" ಎಂದು ನಾವೇ ಹೇಳದಿದ್ದರೆ ಸಾಕು. ಏನಂತೀರಿ?