ಬಿಳಿ ಅರಮನೆ ಮತ್ತೆ ಕೆಂಪಾದ ಕಥೆ

ನೆದರ್ಲೆಂಡ್ಸಿನ ಅಪೆಲ್‌ಡೋರ್ನ್ ಪಟ್ಟಣದ ಅಂಚಿನಲ್ಲಿರುವ ಹೆಟ್ ಲೋ ಅರಮನೆಯನ್ನು 1970ರ ಸುಮಾರಿಗೆ ನೋಡಿದ್ದವರು ಇಂದು ಮತ್ತೆ ಅಲ್ಲಿಗೆ ಹೋದರೆ ಗುರುತು ಹಿಡಿಯುವುದು ಕಷ್ಟ. ಆಗ ಅದು ಗಾರೆ ಬಳಿದ ಬಿಳಿ ಕಟ್ಟಡ. ಮೇಲೊಂದು ಅಂತಸ್ತು ಹೆಚ್ಚಿಗೆ ಇತ್ತು. ಹಿಂಭಾಗದಲ್ಲಿ ದೊಡ್ಡ ಮರಗಳ ನೆರಳಿತ್ತು. ಇಂದು ಗಾರೆ ಇಲ್ಲ, ಆ ಅಂತಸ್ತೂ ಇಲ್ಲ. ಬರಿಯ ಇಟ್ಟಿಗೆಯ ಗೋಡೆ, ಅದರ ಹಿಂದೆ ರಂಗೋಲಿಯ ಎಳೆಗಳಂತೆ ಕತ್ತರಿಸಿದ ಗಿಡಗಳ ವಿಶಾಲ ಉದ್ಯಾನ. ಹಳೆಯದಾಗಬೇಕಾದ ಕಟ್ಟಡ ಮುನ್ನೂರು ವರ್ಷ ಹಿಂದಕ್ಕೆ ಸರಿದು ನಿಂತಿದೆ.

ಈ ಅರಮನೆಯನ್ನು ಕಟ್ಟಿಸಿದವನು ಕಟ್ಟಿಸುವಾಗ ಅರಸನೇ ಆಗಿರಲಿಲ್ಲ. ಆರೆಂಜ್ ಮನೆತನದ ಮೂರನೆಯ ವಿಲಿಯಂ ಡಚ್ ಗಣರಾಜ್ಯದ ‘ಸ್ಟಾಟ್‌ಹೌಡರ್’, ಅಂದರೆ ಪ್ರಾಂತಗಳು ನೇಮಿಸಿಕೊಂಡಿದ್ದ ಅಧಿಪತಿ ಹಾಗೂ ಸೇನೆಯ ಮುಖ್ಯಸ್ಥ. 1672ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೈನ್ಯ ನಾಡಿನೊಳಕ್ಕೆ ನುಗ್ಗಿದಾಗ ಡಚ್ಚರು ತಮ್ಮ ಹೊಲಗದ್ದೆಗಳಿಗೆ ತಾವೇ ನೀರು ಹರಿಸಿ ಅದನ್ನು ತಡೆದಿದ್ದರು. ಆಗ ವಿಲಿಯಂನ ವಯಸ್ಸು 21. ಬೇಟೆಯ ಹುಚ್ಚಿನ ಈತ 1684ರಲ್ಲಿ ವೇಲುವೆ ಕಾಡಿನ ಈ ಜಾಗವನ್ನು ಕೊಂಡು ಮಡದಿ ಮೇರಿಯೊಡನೆ ಹೊಸ ಮನೆ ಕಟ್ಟಲು ತೊಡಗಿದ. 1689ರಲ್ಲಿ ಗಂಡ ಹೆಂಡಿರಿಬ್ಬರೂ ಇಂಗ್ಲೆಂಡಿನ ಸಿಂಹಾಸನ ಏರಿದ ಮೇಲೆ ಬೇಟೆಯ ಮನೆ ದೊರೆಯ ಅಂತಸ್ತಿಗೆ ಸಾಲದಾಯಿತು. ಅಕ್ಕಪಕ್ಕದಲ್ಲಿ ಕಟ್ಟಡಗಳು ಬೆಳೆದವು.

ಉದ್ಯಾನದ ಕಥೆಯಲ್ಲಿ ರಾಜಕೀಯವೇ ಹೆಚ್ಚು. ಅದರ ಅಲಂಕಾರಕ್ಕೆ ಕೈ ಹಾಕಿದ ಡೇನಿಯಲ್ ಮಾರೋ ಫ್ರೆಂಚ್ ಪ್ರಾಟೆಸ್ಟೆಂಟ್. 1685ರಲ್ಲಿ ಲೂಯಿ ತನ್ನ ರಾಜ್ಯದ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದಾಗ ದೇಶ ಬಿಟ್ಟುಬಂದವರಲ್ಲಿ ಈತನೂ ಒಬ್ಬ. ಹೀಗೆ ಲೂಯಿಯ ಕಡುವೈರಿಯ ಅಂಗಳದಲ್ಲಿ ಫ್ರೆಂಚ್ ಶೈಲಿಯ ಉದ್ಯಾನ ಅರಳಿತು. ವರ್ಸೇಲ್ಸಿನ ಕಾರಂಜಿಗಳಿಗೆ ನೀರೇರಿಸಲು ಲೂಯಿ ಸೇನ್ ನದಿಯ ಮೇಲೆ ಭಾರೀ ಯಂತ್ರವನ್ನೇ ಹೂಡಬೇಕಾಯಿತು. ಲೋದಲ್ಲಿ ಎತ್ತರದ ನೆಲದಿಂದ ಕೊಳವೆಗಳಲ್ಲಿ ತಾನಾಗಿ ಇಳಿದು ಬಂದ ನೀರು, ಅದೇ ಒತ್ತಡದಿಂದ 13 ಮೀಟರ್ ಎತ್ತರಕ್ಕೆ ಚಿಮ್ಮುತ್ತಿತ್ತು. ವಿಲಿಯಂನ ವೈದ್ಯ ವಾಲ್ಟರ್ ಹ್ಯಾರಿಸ್ 1699ರಲ್ಲಿ ಈ ಉದ್ಯಾನದ ವಿವರವಾದ ವರ್ಣನೆಯನ್ನು ಅಚ್ಚು ಹಾಕಿಸಿದ. ಆ ಪುಸ್ತಕ ಮುಂದೆ ಯಾವ ಕೆಲಸಕ್ಕೆ ಬಂದೀತೆಂಬುದನ್ನು ಅವನು ಊಹಿಸಿರಲಾರ.

1795ರಲ್ಲಿ ಫ್ರೆಂಚರು ಮತ್ತೆ ಬಂದರು. ಈ ಸಲ ನೀರು ತಡೆಯಲಿಲ್ಲ. ಆರೆಂಜ್ ಮನೆತನ ಇಂಗ್ಲೆಂಡಿಗೆ ಓಡಿತು. 1806ರಿಂದ 1810ರವರೆಗೆ ಹಾಲೆಂಡನ್ನು ಆಳಿದ ನೆಪೋಲಿಯನ್ನನ ತಮ್ಮ ಲೂಯಿ ಬೋನಪಾರ್ಟೆ ಇಟ್ಟಿಗೆಗೆ ಬಿಳಿ ಗಾರೆ ಮೆತ್ತಿಸಿದ. ಹಳೆಯ ಉದ್ಯಾನ ಆ ಕಾಲದವರ ಕಣ್ಣಿಗೆ ಹಿಡಿಸಲಿಲ್ಲ. ತಗ್ಗಿನ ಪಾತಿಗಳನ್ನು ಮಣ್ಣು ಮರಳಿನಿಂದ ಮುಚ್ಚಿ, ಸಹಜವಾಗಿ ಬೆಳೆದಂತೆ ತೋರುವ ಇಂಗ್ಲಿಷ್ ಮಾದರಿಯ ತೋಟ ಎಬ್ಬಿಸಿದರು. ಮುಚ್ಚಿದ ಕೈಗಳೇ ಉಳಿಸಿದ ಕೈಗಳೂ ಆದವು. ಗೋಡೆಗಳ ಬುನಾದಿ, ಕಾರಂಜಿಗಳ ಅವಶೇಷ ಮಣ್ಣಿನಡಿಯಲ್ಲಿ ಭದ್ರವಾಗಿ ಕುಳಿತವು.

ನೆಪೋಲಿಯನ್ನನ ನಂತರ ಆರೆಂಜ್ ಮನೆತನ ನಿಜವಾದ ರಾಜಮನೆತನವಾಗಿ ಮರಳಿತು. ಬಿಳಿ ಅರಮನೆಯನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ರಾಣಿ ವಿಲ್‌ಹೆಲ್ಮಿನಾ. ಹತ್ತು ವರ್ಷದ ಹುಡುಗಿಯಾಗಿ 1890ರಲ್ಲಿ ಪಟ್ಟಕ್ಕೆ ಬಂದು, ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನಿಂದ ರೇಡಿಯೋ ಮೂಲಕ ತನ್ನ ಜನಕ್ಕೆ ಧೈರ್ಯ ಹೇಳಿದ ರಾಣಿ ಈಕೆ. 1911ರಿಂದ 1914ರ ನಡುವೆ ಅರಮನೆಗೆ ಮೇಲಂತಸ್ತು ಸೇರಿಸಿದವಳೂ ಈಕೆಯೇ. 1948ರಲ್ಲಿ ಪಟ್ಟ ಬಿಟ್ಟು, 1962ರಲ್ಲಿ ಸಾಯುವವರೆಗೂ ಲೋದಲ್ಲೇ ವಾಸವಾಗಿದ್ದಳು.

ರಾಜಕುಟುಂಬದವರು 1975ರಲ್ಲಿ ಮನೆ ತೆರವು ಮಾಡಿದರು. ವಸ್ತುಸಂಗ್ರಹಾಲಯ ಮಾಡುವುದೇನೋ ಸರಿ, ಆದರೆ ಯಾವ ಕಾಲದ ಅರಮನೆಯನ್ನು ಜನರಿಗೆ ತೋರಿಸಬೇಕು? 1977ರಲ್ಲಿ ಆರಂಭವಾದ ಜೀರ್ಣೋದ್ಧಾರ ವಿಲಿಯಂ ಮತ್ತು ಮೇರಿಯ ಕಾಲವನ್ನು ಆರಿಸಿಕೊಂಡಿತು. ಗಾರೆ ಕೆರೆದರು, ಮೇಲಂತಸ್ತು ಕೆಡವಿದರು, ಮರಗಳನ್ನು ತೆಗೆದರು, ಮಣ್ಣು ಅಗೆದರು. ನೆಲದಡಿಯ ಗುರುತುಗಳನ್ನು ಹ್ಯಾರಿಸನ ಪುಸ್ತಕ ಮತ್ತು ಹಳೆಯ ಚಿತ್ರಗಳೊಡನೆ ತಾಳೆ ನೋಡಿ ಉದ್ಯಾನವನ್ನು ಮತ್ತೆ ರೂಪಿಸಿದರು. 1984ರಲ್ಲಿ ಬಾಗಿಲು ತೆರೆಯಿತು.

ಕೆಲಸ ಅದ್ಭುತವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಕಳೆದುಹೋದ ಒಂದು ಶತಮಾನವನ್ನು ತರಲು, ಕಣ್ಣೆದುರಿಗಿದ್ದ ಒಂದೂವರೆ ಶತಮಾನವನ್ನು ಅಳಿಸಿದ್ದು ಸಣ್ಣ ಬೆಲೆಯೇನಲ್ಲ. ಮೇಲಾಗಿ, ತಂದದ್ದೂ ತಂದಂತೆ ಉಳಿಯದು. ಪಾತಿಗಳ ಅಂಚಿನ ಬಾಕ್ಸ್ ಗಿಡಗಳಿಗೆ ಶಿಲೀಂಧ್ರ ರೋಗ ತಗುಲಿ, ಅವುಗಳ ಜಾಗದಲ್ಲಿ ಬೇರೆ ಜಾತಿಯ ಗಿಡ ನೆಡಬೇಕಾಯಿತು.

ಒಳಗಿನ ಕೋಣೆಗಳು ಮಾತ್ರ ಹೊರಗೋಡೆಯ ಮಾತು ಕೇಳಿಲ್ಲ. ಮೇರಿಯ ಕಾಲದಿಂದ ಹೊರಟು ಕೋಣೆಯಿಂದ ಕೋಣೆಗೆ ನಡೆದರೆ ವಿಲ್‌ಹೆಲ್ಮಿನಾಳ ಕಾಲಕ್ಕೆ ಬಂದು ಮುಟ್ಟಬಹುದು. ಅವಳು ಓದುಬರಹಕ್ಕೆ ಕೂರುತ್ತಿದ್ದ ಕೋಣೆ ಅಲ್ಲಿದೆ. ಆದರೆ ಅವಳು ಕಂಡಿದ್ದ ಆ ಮರಗಳ ತೋಟ ಅರಮನೆಯ ಬೆನ್ನಿಗಿಲ್ಲ. ಈಗಿರುವ ಉದ್ಯಾನವನ್ನು ಅವಳು ನೋಡಿಯೇ ಇರಲಿಲ್ಲ.

2018ರಲ್ಲಿ ದುರಸ್ತಿಗೆಂದು ಮುಚ್ಚಿದ ಅರಮನೆ 2022ರಲ್ಲಿ ಮತ್ತೆ ತೆರೆಯಿತು. ಪ್ರದರ್ಶನಕ್ಕೆ ಇನ್ನಷ್ಟು ಜಾಗ ಬೇಕಾಗಿತ್ತು; ಹೊರರೂಪವನ್ನು ಇನ್ನೊಮ್ಮೆ ಕೆಡಿಸುವಂತಿರಲಿಲ್ಲ. ಹಾಗಾಗಿ ಮುಂದಿನ ಅಂಗಳದ ಅಡಿಯಲ್ಲೇ ಅಗೆದು ಹೊಸ ಸಭಾಂಗಣಗಳನ್ನು ಕಟ್ಟಿದರು. ಅವು 2023ರಲ್ಲಿ ತೆರೆದವು. ಅಂಗಳದಲ್ಲಿ ಹುಲ್ಲುಹಾಸಿನ ಬದಲು ಈಗ ತೆಳುವಾದ ನೀರಿನ ಹಾಸು ಇದೆ. ಅದರ ತಳ ಗಾಜಿನದು. ಹಗಲಿನ ಬೆಳಕು ನೀರನ್ನು ಹಾದು ಕೆಳಗಿನವರ ಮೇಲೆ ಬೀಳುತ್ತದೆ.