ಗಣಕಯಂತ್ರದ ‘ಪರಿಸರ’ ಮತ್ತು ಕನ್ನಡ

ಗಣಕಯಂತ್ರಕ್ಕೆ ಕನ್ನಡ ಬಾರದೆಂಬ ಮಾತು ಈಗ ಸತ್ಯವಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಬಳಕೆಯಾಗುವ ಗ್ನೋಮ್, ಕೆಡಿಇ ಮುಂತಾದವುಗಳ ಸಂದೇಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಆದರೂ ಯಂತ್ರವು ಇಂಗ್ಲಿಷಿನಲ್ಲಿಯೇ ಉತ್ತರಿಸುವುದುಂಟು. ಕನ್ನಡ ಬೇಕೆಂಬ ಸೂಚನೆ ಕ್ರಮವಿಧಿಯನ್ನು ತಲುಪದಿರುವುದು ಇದಕ್ಕೆ ಒಂದು ಕಾರಣ. ಆ ಸೂಚನೆ ಸಾಗುವ ಮಾರ್ಗಕ್ಕೆ ‘ಪರಿಸರ’ವೆಂದು ಹೆಸರು.

ಬಳಕೆದಾರನ ಆಜ್ಞೆಯನ್ನು ಸ್ವೀಕರಿಸಿ ಬೇಕಾದ ಕ್ರಮವಿಧಿಯನ್ನು ಆರಂಭಿಸುವ ಮಧ್ಯವರ್ತಿಯೇ ‘ಶೆಲ್’. ಬೆಲ್ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದಿತು. ಪರಿಸರದ ಏರ್ಪಾಡೂ ಆ ಆವೃತ್ತಿಯಲ್ಲಿಯೇ ಸೇರಿತು. ಬೀಜಗಣಿತದ ಚರಾಕ್ಷರಗಳಂತೆ ಶೆಲ್ ಕೆಲವು ಹೆಸರುಗಳನ್ನೂ ಅವುಗಳ ಬೆಲೆಗಳನ್ನೂ ಇಟ್ಟುಕೊಂಡಿರುತ್ತದೆ. ಆದರೆ ‘ಎಕ್ಸ್‌ಪೋರ್ಟ್’ ಎಂಬ ಆಜ್ಞೆಯಿಂದ ಗುರುತು ಪಡೆದವು ಮಾತ್ರ ಪರಿಸರವನ್ನು ಸೇರಿ, ಹೊಸ ಕ್ರಮವಿಧಿಗೆ ಅದರ ಆರಂಭಕಾಲದಲ್ಲಿ ದೊರೆಯುತ್ತವೆ.

ರಾಮದುರ್ಗದಿಂದ ಬೈಲಹೊಂಗಲದ ವಿದ್ಯಾರ್ಥಿನಿಲಯಕ್ಕೆ ಹೊರಟ ಬಾಲಕನನ್ನು ಊಹಿಸಬಹುದು. ಮನೆಯಲ್ಲಿ ರೊಟ್ಟಿ, ಚಟ್ನಿಪುಡಿ ಎಷ್ಟಿದ್ದರೂ ತಾಯಿ ಬುತ್ತಿಯಲ್ಲಿ ಕಟ್ಟಿದಷ್ಟೇ ಅವನೊಡನೆ ಬರುತ್ತದೆ. ಅಲ್ಲಿ ಅವನು ಬುತ್ತಿಗೆ ಏನು ಸೇರಿಸಿದರೂ ಮನೆಯ ಡಬ್ಬಿ ತುಂಬದು. ಒಂದು ಭೇದವುಂಟು: ಬುತ್ತಿ ಕಟ್ಟಿದರೆ ಡಬ್ಬಿಯಲ್ಲಿ ಕಡಿಮೆಯಾದೀತು, ಶೆಲ್ ಕೊಡುವುದು ಪ್ರತಿಯನ್ನು ಮಾತ್ರ. ಕ್ರಮವಿಧಿ ತನ್ನ ಪ್ರತಿಯನ್ನು ತಿದ್ದಿಕೊಂಡರೂ ಶೆಲ್ಲಿನಲ್ಲಿರುವ ಮೂಲವು ಬದಲಾಗದು.

ಭಾಷೆಯನ್ನು ಸೂಚಿಸುವ ಚರದ ಹೆಸರು ‘ಲ್ಯಾಂಗ್’. ಅದಕ್ಕೆ ಕೊಡಬೇಕಾದ ಬೆಲೆ ‘ಕೆಎನ್_ಐಎನ್’. ಮೊದಲೆರಡು ಅಕ್ಷರಗಳು ಕನ್ನಡವನ್ನೂ ಕೊನೆಯೆರಡು ಭಾರತವನ್ನೂ ಹೇಳುತ್ತವೆ. ಆಜ್ಞೆಯಲ್ಲಿ ಇವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕು. ಈ ಹೆಸರು ಪರಿಸರದಲ್ಲಿ ಮೊದಲೇ ಇಲ್ಲದಿದ್ದರೆ ಬೆಲೆಯನ್ನು ಕೊಟ್ಟಷ್ಟಕ್ಕೇ ಸಾಲದು, ಎಕ್ಸ್‌ಪೋರ್ಟ್ ಮಾಡಲೇಬೇಕು. ‘ಎಲ್‌ಸಿ_ಆಲ್’ ಎಂಬ ಇನ್ನೊಂದು ಚರಕ್ಕೆ ಬೇರೆ ಬೆಲೆಯಿದ್ದರೆ ಅದರ ಮಾತೇ ನಡೆಯುತ್ತದೆ. ಒಂದೇ ಕ್ರಮವಿಧಿಗೆ ಕನ್ನಡ ಸಾಕೆಂದಾದರೆ, ಅದರ ಹೆಸರಿನ ಮುಂದೆ ಅದೇ ಸಾಲಿನಲ್ಲಿ ಬೆಲೆಯನ್ನು ಬರೆದರಾಯಿತು. ಉಳಿದವುಗಳಿಗೆ ಅದು ತಾಗದು. ಯಂತ್ರದಲ್ಲಿ ಕನ್ನಡದ ವ್ಯವಸ್ಥೆಯೂ ಅನುವಾದದ ಕಡತವೂ ಇರಬೇಕೆಂಬುದು ಬೇರೆ ಹೇಳಬೇಕಾಗಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮಕ್ಕಳಲ್ಲಿ ಅನೇಕರಿಗೆ ಮನೆಯ ಮಾತೂ ಪಾಠದ ಮಾತೂ ಕನ್ನಡವೇ. ಶಾಲೆಗೆ ಯಂತ್ರಗಳನ್ನು ಒದಗಿಸುವ ಕಾರ್ಯ ದಾನಿಗಳಿಂದ ಆಗಬಲ್ಲದು. ಶೆಲ್ ಆರಂಭದಲ್ಲಿ ಓದುವ ಕಡತದಲ್ಲಿ ಈ ಒಂದು ಸಾಲನ್ನು ಬರೆದಿಡುವ ಕಾರ್ಯ ಶಿಕ್ಷಕರಿಂದಲೇ ಆಗಬೇಕು. ಅನುವಾದಕರ ಶ್ರಮ ಯಂತ್ರದೊಳಗಿದ್ದೂ ಮಕ್ಕಳಿಗೆ ಕಾಣದೆ ಹೋದರೆ ಅದು ಕಟ್ಟದೆ ಉಳಿದ ಬುತ್ತಿಯೇ ಸರಿ.