ಅಟ್ಟಣೆಯ ಬಿಲ್ಲು, ತಗ್ಗಿನ ಗುರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಹಿಂದೆ ಪಾಳೆಯಗಾರರ ನಾಡಾಗಿದ್ದಿತು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ನಾಯಕರಿಗೆ ಬೇಡಪಡೆಯೇ ದೊಡ್ಡ ಬಲ. ಬೇಡನಿಗೆ ಬೇಟೆಯೆಂಬುದು ಮನೆಗೆ ಆಹಾರ, ಹೊಲಕ್ಕೆ ಕಾವಲು, ಯುದ್ಧಕ್ಕೆ ಅಭ್ಯಾಸ. ಸಮೀಪದ ಹಂಪೆಯಲ್ಲಿ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಚಿತ್ರಗಳನ್ನು ಇಂದಿಗೂ ಕಾಣಬಹುದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲೊಂದಾಗಿ ವಿವರಿಸಿರುವನು.

ಜಿಂಕೆಯು ಅಪಾಯವನ್ನು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿಯೇ ಹುಡುಕುವುದು. ಆದಕಾರಣ ಮರದ ಅಟ್ಟಣೆಯಲ್ಲಿಯೋ ಬಂಡೆಯ ನೆತ್ತಿಯಲ್ಲಿಯೋ ಕುಳಿತವನು ಅದರ ಕಣ್ಣಿಗೂ ಮೂಗಿಗೂ ಬೇಗನೆ ಸಿಕ್ಕುವುದಿಲ್ಲ. ಆದರೆ ಎತ್ತರವು ಕೊಡುವ ಈ ಅನುಕೂಲದೊಡನೆ ಒಂದು ತೊಡಕೂ ಉಂಟು. ಬಯಲಿನಲ್ಲಿ ಗುರಿ ತಪ್ಪದವನು ಮೇಲಿನಿಂದ ಹೊಡೆದಾಗ, ಅಂಬು ಮೃಗದ ಬೆನ್ನ ಮೇಲೆ ಹಾರಿಹೋಗುವುದು. ಇದಕ್ಕೆ ಕಾರಣವೇನು?

ಅಂಬನ್ನು ಕೆಳಕ್ಕೆಳೆಯುವುದು ಭೂಮಿಯ ಆಕರ್ಷಣೆ. ಅದರಿಂದಾಗುವ ಇಳಿತವನ್ನು ಕಣ್ಣಿಗೆ ಕಾಣುವ ಓರೆ ದೂರದಿಂದಲ್ಲ, ನೆಲದ ಮೇಲಿನ ಅಡ್ಡ ದೂರದಿಂದ ಎಣಿಸಬೇಕು. ಬಂಡೆಯು 15 ಗಜ ಎತ್ತರವಿದ್ದು, ಗುರಿಯು ಅದರ ಬುಡದಿಂದ 20 ಗಜ ದೂರವಿದ್ದರೆ, ಕಣ್ಣಿನಿಂದ ಗುರಿಗೆ 25 ಗಜವಾಗುವುದು. ಬಿಲ್ಲುಗಾರನು 25 ಗಜಕ್ಕೆ ತಕ್ಕಂತೆ ಬಿಲ್ಲೆತ್ತಿದರೆ ಅಂಬು ಮೇಲೆ ಹೋಗುವುದು. 20 ಗಜಕ್ಕೆ ತಕ್ಕಂತೆ ಹಿಡಿದರೆ ಸರಿಯಾಗಿ ನಾಟುವುದು. ಗುಡ್ಡದ ಕೆಳಗಿನಿಂದ ಮೇಲಕ್ಕೆ ಹೊಡೆಯುವಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ.

ಗುರಿಯು ತೀರ ಹತ್ತಿರವಿದ್ದಾಗ ಈ ವ್ಯತ್ಯಾಸವು ಅತ್ಯಲ್ಪ. ಅಲ್ಲಿ ಗುರಿಗೆಡಿಸುವುದು ಮೈಯ ನಿಲುವು. ಅಭ್ಯಾಸವಿಲ್ಲದವನು ಬಿಲ್ಲಿನ ತೋಳನ್ನು ಮಾತ್ರ ತಗ್ಗಿಸುವನು. ಆಗ ಹೆದೆಯ ಎಳೆತವೂ, ಕಣ್ಣಿಗೂ ಅಂಬಿಗೂ ಇರುವ ಸಂಬಂಧವೂ ಕೆಡುವುವು. ಮೊದಲು ಬಯಲಿನಲ್ಲಿ ನಿಂತಂತೆ ನೆಟ್ಟಗೆ ಹೆದೆಯೆಳೆದು, ಬಳಿಕ ಸೊಂಟದಿಂದ ಬಾಗತಕ್ಕದ್ದು. ತೋಳು, ಭುಜ, ತಲೆಗಳ ಹೊಂದಿಕೆಯು ಕದಲಲಾಗದು.

ಇನ್ನೊಂದು ಮಾತು ಕರುಣೆಗೆ ಸಂಬಂಧಿಸಿದುದು. ಮೇಲಿನಿಂದ ನೋಡಿದಾಗ ಮೃಗದ ಬೆನ್ನು ಅಗಲವಾಗಿ ಕಂಡರೂ, ಎದೆಗೂಡಿನ ಮರ್ಮಸ್ಥಾನವು ಕಿರಿದಾಗುವುದು. ಅಂಬು ಹೊಗುವ ಸ್ಥಳವನ್ನಲ್ಲದೆ ಹೊರಡುವ ಸ್ಥಳವನ್ನೂ ಮೊದಲೇ ಎಣಿಸಬೇಕು. ಇಲ್ಲವಾದರೆ ಅದು ಒಂದು ಮಗ್ಗುಲನ್ನು ಮಾತ್ರ ಹರಿದು, ಪ್ರಾಣಿಯು ಗಾಯಗೊಂಡು ಓಡಿಹೋಗಿ ನರಳಿ ಸಾಯುವುದು. ನಿಶ್ಚಯವಿಲ್ಲದಾಗ ಬಿಲ್ಲನ್ನಿಳಿಸುವುದೇ ವಿದ್ಯೆಯ ಕೊನೆಯ ಪಾಠವೆಂದು ನಾವು ತಿಳಿಯುತ್ತೇವೆ.

ಈಗಂತೂ ಬಿಲ್ಲನ್ನಿಳಿಸುವುದೇ ನ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಚಿಗರಿಗಳ ಬೇಟೆಯು ಅಪರಾಧ. ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿ ಚಿಗರಿಗಳಿಗೆಂದೇ ಅಭಯಾರಣ್ಯವುಂಟು. ಗುಡೇಕೋಟೆಯ ಗುಡ್ಡಗಳು ಕರಡಿಗಳ ಅಭಯಾರಣ್ಯವಾಗಿವೆ. ಬೇಡರು ಅಲೆದ ಬೆಟ್ಟಗಳೇ ಇಂದು ಮೃಗಗಳಿಗೆ ಆಶ್ರಯವಾಗಿರುವುವು. ಬಿತ್ತಿದ ಬೆಳೆಯನ್ನು ಚಿಗರಿಯ ಹಿಂಡು ಮೇಯ್ದುಹೋದಾಗ ರೈತನಿಗಾಗುವ ಸಂಕಟವು ಸಣ್ಣದಲ್ಲ. ಆದರೆ ಅದಕ್ಕೆ ಪರಿಹಾರವು ಅಂಬಿನಲ್ಲಿಲ್ಲ; ಬೇಲಿಯಲ್ಲಿ, ಕಾವಲಿನಲ್ಲಿ, ಬೆಳೆಹಾನಿಗಾಗಿ ಅರಣ್ಯ ಇಲಾಖೆಗೆ ಕೊಡುವ ಅರ್ಜಿಯಲ್ಲಿ ಇದೆ.

ಹಾಗೆಂದು ವಿದ್ಯೆಯು ಅಳಿಯಬೇಕಾಗಿಲ್ಲ. ಕಾಯಿದೆಯು ಹುಟ್ಟಿದ ಅದೇ 1972ರಲ್ಲಿ ಬಿಲ್ಲುಗಾರಿಕೆಯು ಬಹುಕಾಲದ ತರುವಾಯ ಮ್ಯೂನಿಕ್ಕಿನ ಒಲಿಂಪಿಕ್ ಕ್ರೀಡೆಗಳಿಗೆ ಮರಳಿ ಬಂದಿತು. ಕಾಡುಮೇಡುಗಳಲ್ಲಿ ಗುರಿಹಲಗೆಗಳನ್ನು ಏರಿನಲ್ಲಿಯೂ ಇಳಿಜಾರಿನಲ್ಲಿಯೂ ನಿಲ್ಲಿಸಿ ಆಡುವ ಪಂದ್ಯಗಳೂ ಉಂಟು. ಅಟ್ಟಣೆಯ ಲೆಕ್ಕವೆಲ್ಲ ಅಲ್ಲಿ ಬೇಕಾಗುವುದು. ನಮ್ಮ ಮಕ್ಕಳು ಹಿರಿಯರ ಸಾಹಸದ ಕಥೆಗಳನ್ನು ಕೇಳಿ ಬಿಲ್ಲು ಬೇಕೆಂದು ಹಟಹಿಡಿದರೆ ಗದರಿಸದೆ, ಬಲ್ಲವರ ಬಳಿಗೆ ಕಳುಹಿಸಿ ಹುಲ್ಲಿನ ಗುರಿಯ ಮುಂದೆ ನಿಲ್ಲಿಸಿರಿ. ಕೈಯ ಸ್ಥೈರ್ಯವೂ ಮನಸ್ಸಿನ ಏಕಾಗ್ರತೆಯೂ ಪ್ರಾಣಹಾನಿಯಿಲ್ಲದೆಯೇ ಅವರಿಗೆ ದೊರೆಯುವುವು.